ಹೈಡ್ರೋಮೀಟರ್ ತಪ್ಪು ತೋರಿಸುತ್ತಿದ್ದದ್ದು ಏಕೆ: ನನ್ನ ಅನುಭವ

ಬಿಯರಿನ ಸಾಂದ್ರತೆ (ನೀರಿಗೆ ಹೋಲಿಸಿದರೆ) 1.018ಕ್ಕೆ ಇಳಿದು ಹುದುಗುವಿಕೆ ನಿಂತುಹೋಯಿತು ಎಂದು ಇನ್ನೊಂದು ಪ್ಯಾಕೆಟ್ ಯೀಸ್ಟ್ ಸುರಿಯುವ ಮೊದಲು, ಆ ಸಾಂದ್ರತೆಯನ್ನು ದ್ರವದಲ್ಲಿ ತೇಲಿ ಅಳೆಯುವ ಗಾಜಿನ ಹೈಡ್ರೋಮೀಟರನ್ನೇ ಪರೀಕ್ಷಿಸಿ. 20 ಡಿಗ್ರಿಯ ಡಿಸ್ಟಿಲ್ಡ್ ನೀರಿನಲ್ಲಿ ಅದು 1.000 ತೋರಿಸಬೇಕು. ನನ್ನದು ತೋರಿಸಿದ್ದು 1.003. ಗಾಜಿನ ಕಾಂಡದೊಳಗಿನ ಕಾಗದದ ಸ್ಕೇಲ್ ಮೇಲಕ್ಕೆ ಸರಿದಿತ್ತು. ಇಂಥದ್ದನ್ನು ಎಸೆಯಬೇಕಿಲ್ಲ, ಪ್ರತಿ ಅಳತೆಯಲ್ಲೂ 0.003 ಕಳೆದರಾಯಿತು.

ಉಳಿದ ತಪ್ಪು ಗ್ಯಾಸಿನದು. ಹುದುಗುತ್ತಿರುವ ಬಿಯರಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಹೈಡ್ರೋಮೀಟರಿನ ಬುರುಡೆಗೆ ಅಂಟಿಕೊಂಡು ಅದನ್ನು ಮೇಲೆತ್ತುತ್ತವೆ, ಅಂಕಿ ಹೆಚ್ಚು ಕಾಣುತ್ತದೆ. ಮಾದರಿಯನ್ನು ಚಹಾ ಆರಿಸುವ ಹಾಗೆ ಎರಡು ಲೋಟಗಳ ನಡುವೆ ಹತ್ತು ಹದಿನೈದು ಸಲ ಎತ್ತಿ ಹೊಯ್ಯಿರಿ, ನೊರೆ ಇಳಿಯಲಿ. ಹೈಡ್ರೋಮೀಟರನ್ನು ಬೆರಳಲ್ಲಿ ತಿರುಗಿಸಿ ಬಿಡಿ. ಅದು ಜಾರಿನ ಗೋಡೆಗೆ ತಾಗದೆ ನಿಂತಾಗ ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಕಾಂಡದ ಸುತ್ತ ಏರುವ ಅಂಚನ್ನು ಬಿಟ್ಟು, ಕೆಳಗಿನ ಸಮತಲವನ್ನು ಓದಿ. ಮಾದರಿಯನ್ನು ಹುದುಗುಪಾತ್ರೆಗೆ ವಾಪಸ್ ಸುರಿಯಲೇಬೇಡಿ, ಸೋಂಕು ತಗಲುತ್ತದೆ.

ಬಿಸಿ ಮಾಡುವ ತಪ್ಪು ಗುಳ್ಳೆಗಳದ್ದಕ್ಕೆ ವಿರುದ್ಧ: ಅಂಕಿಯನ್ನು ಇಳಿಸುತ್ತದೆ. 20 ಡಿಗ್ರಿಗೆ ಹೊಂದಿಸಿದ ಹೈಡ್ರೋಮೀಟರ್ 30 ಡಿಗ್ರಿಯ ವರ್ಟ್‌ನಲ್ಲಿ (ಇನ್ನೂ ಹುದುಗದ ಸಿಹಿ ಮಾಲ್ಟ್ ರಸ) ಸುಮಾರು 0.0025, 40ರಲ್ಲಿ ಸುಮಾರು 0.006 ಕಡಿಮೆ ಓದುತ್ತದೆ, ಅಷ್ಟನ್ನು ಕೂಡಿಸಿ. ಅದಕ್ಕಿಂತ ಬಿಸಿಯಿದ್ದರೆ ಲೆಕ್ಕ ನೆಚ್ಚದೆ, ತಣ್ಣೀರಿನಲ್ಲಿಟ್ಟು ಆರಿಸುವುದೇ ವಾಸಿ. ಕೆಲವು ಹೈಡ್ರೋಮೀಟರ್ 15.6 ಡಿಗ್ರಿಗೆ ಹೊಂದಿಸಿರುತ್ತವೆ, ಸ್ಕೇಲ್ ಮೇಲೆ ಬರೆದಿರುತ್ತದೆ.

ಬೆಳಕು ಎಷ್ಟು ಬಾಗುತ್ತದೆಂದು ನೋಡಿ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಹುದುಗುವ ಮೊದಲಿಗೆ ಮಾತ್ರ ಸರಿ. ಆಲ್ಕೋಹಾಲ್ ಸೇರಿದ ಮೇಲೆ, 1.050ರಿಂದ 1.010ಕ್ಕೆ ಇಳಿದ ಬಿಯರನ್ನೂ ಅದು 1.025ರ ಆಸುಪಾಸು ತೋರಿಸುತ್ತದೆ.