ಬೆವರುತ್ತಾ ನಡೆದು ಅಲ್ಲಾಡದೆ ಕೂರುವವರಿಗೆ: ಹುಡ್ ಇರುವ ಅಂಗಿ ಆರಿಸುವ ಬಗ್ಗೆ

ಚಳಿ ದೇಶಕ್ಕೆ ಹೊಸದಾಗಿ ಬಂದಿದ್ದೀರಿ. ಇವತ್ತಲ್ಲ ನಾಳೆ ಜೊತೆ ಕೆಲಸ ಮಾಡುವವರು ಕೇಳುತ್ತಾರೆ, "ಶನಿವಾರ ಕಾಡಿಗೆ ಹೊರಟಿದ್ದೀವಿ, ಬರ್ತೀರಾ?" ಅಂತ. ಕೆಲವರು ಬೇಟೆಗೆ ಹೋಗುತ್ತಾರೆ, ಕೆಲವರು ಹಕ್ಕಿ ನೋಡಲು, ಕೆಲವರು ಸುಮ್ನೆ ನಡೆಯಲು. ಖಂಡಿತ ಹೋಗಿ. ಆದರೆ ಮನೆಯಲ್ಲಿ ಹಾಕುವ ದಪ್ಪ ಕಾಟನ್ ಹೂಡಿ (ತಲೆ, ಕತ್ತು ಮುಚ್ಚುವ ಹುಡ್ ಹೊಲಿದಿರುವ ಅಂಗಿ) ಹಾಕಿಕೊಂಡು ಮಾತ್ರ ಹೋಗಬೇಡಿ.

ನಾನು ಹಾಗೇ ಹೋಗಿದ್ದೆ. ಕತ್ತಲಿರುವಾಗಲೇ ಹೊರಟು ಮುಕ್ಕಾಲು ಗಂಟೆ ಏರು ಹತ್ತಿದೆವು. ಮೈ ಬೆಚ್ಚಗಿತ್ತು, ಚಳಿ ಏನೂ ಅನ್ನಿಸಲಿಲ್ಲ. ಮೇಲೆ ಹೋಗಿ ಮರದ ಬುಡದಲ್ಲಿ ಕೂತು ಬ್ಯಾಗ್ ಇಳಿಸಿದೆ. ಅದು ಒತ್ತಿದ್ದ ಜಾಗವೆಲ್ಲ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿಕೊಂಡಿತ್ತು. ಹತ್ತೇ ನಿಮಿಷಕ್ಕೆ ಆ ಒದ್ದೆ ಬಟ್ಟೆ ಐಸ್ ಇಟ್ಟ ಹಾಗಾಯಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬೆರಳು ಮಡಚಲು ಆಗುತ್ತಿರಲಿಲ್ಲ. ಜೊತೆಗಿದ್ದ ಹಿರಿಯರು ಅದನ್ನು ಬಿಚ್ಚಿಸಿ ತಮ್ಮ ಉಣ್ಣೆ ಅಂಗಿ ಕೊಟ್ಟರು. ಅವತ್ತು ಅವರು ಮಾಡಿದ ಉಪಕಾರ ನಾನು ಮರೆತಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಕಾಟನ್ ಹೀರಿಕೊಂಡ ನೀರನ್ನು ಬೇಗ ಬಿಡುವುದಿಲ್ಲ. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯ ಎಳೆಗಳ ನಡುವೆ ನಿಂತ ಗಾಳಿ ತಾನೆ? ಆ ಜಾಗದಲ್ಲಿ ನೀರು ತುಂಬಿದರೆ ಮೈಯ ಶಾಖ ಹೊರಗೆ ಹರಿದುಹೋಗುತ್ತದೆ. ಫ್ಲೀಸ್ ಅನ್ನುವ ಮೆತ್ತನೆಯ ಬಟ್ಟೆ ಪಾಲಿಯೆಸ್ಟರ್ ಎಳೆಯದ್ದು. ಎಳೆ ನೀರು ಕುಡಿಯುವುದಿಲ್ಲ, ಒದ್ದೆಯಾದರೂ ಬೇಗ ಒಣಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವ ಒಳಗೆ ಎಳೆದುಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಬೆವರಿನ ವಾಸನೆಯೂ ಬೇಗ ಹಿಡಿಯುವುದಿಲ್ಲ. ಬೆಂಕಿಯ ಕಿಡಿ ಹಾರಿದರೆ ಫ್ಲೀಸ್ ಕರಗಿ ತೂತು ಬೀಳುತ್ತದೆ, ಉಣ್ಣೆ ಅಷ್ಟು ಸುಲಭಕ್ಕೆ ಸುಡುವುದಿಲ್ಲ. ನನ್ನ ಆಯ್ಕೆ ಹೀಗೆ: ಮೈಗೆ ತಾಗುವ ಹಾಗೆ ತೆಳು ಮೆರಿನೋ (ಮೆರಿನೋ ಕುರಿಯ ನಯವಾದ ಉಣ್ಣೆ) ಅಂಗಿ, ಚದರ ಮೀಟರಿಗೆ 150 ಗ್ರಾಂ ಆಸುಪಾಸಿನದು. ಅದರ ಮೇಲೆ ಹುಡ್ ಇರುವ ಫ್ಲೀಸ್. ಫ್ಲೀಸ್‌ನ ಒಳಮೈಯಲ್ಲಿ ಚೌಕ ಚೌಕ ಗೆರೆ ಇದ್ದರೆ ಇನ್ನೂ ಒಳ್ಳೆಯದು, ಆ ಸಂದಿನಲ್ಲಿ ಬೆವರು ಆರುತ್ತದೆ. ಗಾಳಿ ಮಳೆಗೆ ಒಂದು ತೆಳು ಜಾಕೆಟ್ ಬ್ಯಾಗಿನಲ್ಲಿರಲಿ.

ಇನ್ನು ಹುಡ್. ತಲೆಯಿಂದಲೇ ಅರ್ಧ ಶಾಖ ಹೋಗುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜವಲ್ಲ. ತಲೆಯ ಪಾಲು ಸುಮಾರು ಹತ್ತರಲ್ಲಿ ಒಂದು. ಆದರೂ ಕಿವಿ, ಕತ್ತು, ಹೆಕ್ಕತ್ತಿಗೆ ಗಾಳಿ ಬಡಿದರೆ ಕೂತಲ್ಲಿ ಕೂರಲು ಆಗುವುದಿಲ್ಲ. ಟೋಪಿ ಕಿವಿ ಮುಚ್ಚಿದರೂ ಕತ್ತು ಬಯಲಿಗೇ ಬೀಳುತ್ತದೆ. ಹುಡ್ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುತ್ತದೆ. ಬೇಕಾದಾಗ ಹಿಂದಕ್ಕೆ ತಳ್ಳಿದರಾಯಿತು.

ಅಂಗಡಿಯಲ್ಲಿ ಬಟ್ಟೆ ಬರೀ ಮುಟ್ಟಿ ನೋಡಿ ಖರೀದಿಸಬೇಡಿ, ಹಾಕಿ ನೋಡಿ. ಜಿಪ್ ಗದ್ದದವರೆಗೆ ಎಳೆದು ಹುಡ್ ಹಾಕಿಕೊಂಡು, ಕತ್ತು ಮಾತ್ರ ನಿಧಾನವಾಗಿ ಎಡಕ್ಕೆ ತಿರುಗಿಸಿ. ಹುಡ್ ನಿಮ್ಮ ಮುಖದ ಜೊತೆ ತಿರುಗಬೇಕು. ಅದು ಅಲ್ಲೇ ನಿಂತು ನಿಮ್ಮ ಕಣ್ಣು ಬಟ್ಟೆಯನ್ನೇ ನೋಡುತ್ತಿದ್ದರೆ, ಎಷ್ಟೇ ಚೆನ್ನಾಗಿದ್ದರೂ ವಾಪಸ್ ಇಡಿ. ಬಂದೂಕು ಹಿಡಿದವರಿಗೆ ಪಕ್ಕದಲ್ಲಿ ಯಾರಿದ್ದಾರೆ ಅಂತ ಕಾಣಲೇಬೇಕು. ಆಮೇಲೆ ಕಿವಿ. ತಲೆ ಆಡಿಸಿದಾಗ ಬಟ್ಟೆ ಕಿವಿಗೆ ಉಜ್ಜಿ ಸರಸರ ಅನ್ನುತ್ತಾ? ಜೊತೆಗೆ ಬಂದವರಿಗೆ ಹಿಂದಿನಿಂದ ಪಿಸುಮಾತಿನಲ್ಲಿ ಏನಾದರೂ ಹೇಳಲು ಹೇಳಿ. ಕೇಳಿಸದಿದ್ದರೆ ಒಣ ಎಲೆ ಮೇಲೆ ಬರುವ ಜಿಂಕೆಯ ಹೆಜ್ಜೆಯೂ ಕೇಳಿಸುವುದಿಲ್ಲ. ಮಳೆ ಜಾಕೆಟ್ಟಿನ ಗಟ್ಟಿ ಬಟ್ಟೆಯ ತೊಂದರೆ ಇದೇ. ತೋಳು ಎತ್ತಿದರೆ ಸಾಕು, ಸದ್ದು. ಫ್ಲೀಸ್, ಉಣ್ಣೆ ಎರಡೂ ಮೌನ.

ಹುಡ್‌ನ ಲಾಡಿ ಮುಂದೆ ಜೋತಾಡುವಂತಿದ್ದರೆ ಬೇಡ. ಬಿಲ್ಲು ಹಿಡಿಯುವವರಿಗಂತೂ ಹೆದೆಗೆ ಸಿಕ್ಕಿಕೊಳ್ಳುವ ಅಪಾಯ. ಪ್ರತಿಯೊಂದು ಪದರದಲ್ಲೂ ಹುಡ್ ಅಂತ ಪೇರಿಸಿದರೆ ಹೆಕ್ಕತ್ತಿನಲ್ಲಿ ಗಂಟಾಗುತ್ತದೆ. ಒಳಗಡೆ ಒಂದು, ಮಳೆಗೆ ಒಂದು, ಅಷ್ಟು ಸಾಕು. ಜೇಬು ಎದೆಯ ಮೇಲಿದ್ದರೆ ಅನುಕೂಲ. ಹೊಟ್ಟೆ ಹತ್ತಿರದ ಜೇಬನ್ನು ಬ್ಯಾಗಿನ ಸೊಂಟದ ಪಟ್ಟಿ ಮುಚ್ಚಿಬಿಡುತ್ತದೆ.

ಬಣ್ಣದ ವಿಷಯದಲ್ಲಿ ಸ್ವಲ್ಪ ನಿಲ್ಲಿ, ಇದು ಜೀವದ ಪ್ರಶ್ನೆ. ಬಂದೂಕಿನ ಬೇಟೆಗೆ ಹಲವು ಕಡೆ ಹೊಳೆಯುವ ಕಿತ್ತಳೆ ಬಣ್ಣ ಕಡ್ಡಾಯ. ಅಮೆರಿಕದ ಹಲವು ರಾಜ್ಯಗಳಲ್ಲಿ 400 ಅಥವಾ 500 ಚದರ ಇಂಚು ಕಾಣಬೇಕು ಅಂತ ನಿಯಮವಿದೆ. ಜಿಂಕೆ ಹೆದರುತ್ತೆ ಅನ್ನುವ ಚಿಂತೆ ಬೇಡ. ಅದರ ಕಣ್ಣಿಗೆ ಕೆಂಪು, ಕಿತ್ತಳೆ, ಹಸಿರು ಬೇರೆ ಬೇರೆ ಕಾಣುವುದಿಲ್ಲ. ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ, ಹಾಗಾಗಿ ನೀಲಿ ಅಂಗಿ ಬಿಡಿ. ಹೊಸಬರು ಮಾಡುವ ತಪ್ಪು ಇನ್ನೊಂದಿದೆ. ಕಿತ್ತಳೆ ಟೋಪಿ ಹಾಕಿ, ಚಳಿ ಅಂತ ಅದರ ಮೇಲೆ ಕಂದು ಹುಡ್ ಎಳೆದುಕೊಳ್ಳುತ್ತಾರೆ. ಟೋಪಿ ಮಾಯ! ಹುಡ್ ಮೊದಲು, ಟೋಪಿ ಅದರ ಮೇಲೆ. ತೋಳಿಲ್ಲದ ಕಿತ್ತಳೆ ವೆಸ್ಟ್ ಎಲ್ಲಕ್ಕಿಂತ ಹೊರಗೆ. ಬೇಟೆಗೆ ಹೋಗದೆ ಬರೀ ನಡೆಯಲು ಹೋಗುವವರೂ ಬೇಟೆಯ ಕಾಲದಲ್ಲಿ ಕಿತ್ತಳೆ ಹಾಕಿ, ಮಕ್ಕಳಿಗೂ ಹಾಕಿಸಿ.

ಒಗೆಯುವಾಗ ಬಟ್ಟೆ ಮೆದು ಮಾಡುವ ದ್ರಾವಣ ಹಾಕಬೇಡಿ, ಬೆವರು ಸಾಗಿಸುವ ಗುಣ ಕೆಡುತ್ತದೆ. ಬಿಳುಪು ಹೊಳಪು ಕೊಡುವ ಸೋಪೂ ಬೇಡ, ಆ ಹೊಳಪು ಜಿಂಕೆಯ ಕಣ್ಣಿಗೆ ಬೀಳುತ್ತದೆ.

ಹೊರಡುವಾಗ ಹುಡ್ ಅಂಗಿ ಮೈಮೇಲಲ್ಲ, ಬ್ಯಾಗಿನಲ್ಲಿರಲಿ. ಮೊದಲ ಹತ್ತು ನಿಮಿಷ ಚಳಿ ಆಗುತ್ತೆ, ಆಗಲಿ. ನಿಧಾನ ನಡೆಯಿರಿ. ಕೂರುವ ಜಾಗ ಸಿಕ್ಕ ಮೇಲೆ ಉಸಿರು ಇಳಿಯುವವರೆಗೆ ನಿಂತಿರಿ. ಒಳ ಅಂಗಿ ಒದ್ದೆಯಾಗಿದ್ದರೆ ಬದಲಾಯಿಸಿ. ಆಮೇಲೆ ಹುಡ್ ಅಂಗಿ ತೊಟ್ಟು, ಜಿಪ್ ಎಳೆದು, ಕೂತುಕೊಳ್ಳಿ.