ಫಿಟ್ಸ್ ಮಾತ್ರೆ ಶುರು ಮಾಡಿದ್ದೀರಾ? ಇವಿಷ್ಟು ಗೊತ್ತಿರಲಿ

ಮಾತ್ರೆ ಶುರುವಾಗಿ ಆರು ತಿಂಗಳು ಫಿಟ್ಸ್ ಬರಲಿಲ್ಲ ಅಂದರೆ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಆರಾಮಾಗಿದ್ದಾನಲ್ಲ, ಇನ್ನೂ ಯಾಕೆ ಮಾತ್ರೆ?" ಆರಾಮಾಗಿರುವುದೇ ಮಾತ್ರೆಯಿಂದ. ಈ ಔಷಧಿ ರಕ್ತದಲ್ಲಿ ಇರುವಷ್ಟು ಹೊತ್ತು ಮಾತ್ರ ಫಿಟ್ಸ್ ತಡೆಯುತ್ತದೆ. ತಟ್ಟನೆ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಸಾಮಾನ್ಯವಾಗಿ ಎರಡು ವರ್ಷವಾದರೂ ಫಿಟ್ಸ್ ಇಲ್ಲದಿದ್ದ ಮೇಲೆಯೇ ನಿಲ್ಲಿಸುವ ಯೋಚನೆ. ಆಗಲೂ ವೈದ್ಯರು ಡೋಸ್ ಅನ್ನು ನಿಧಾನವಾಗಿ ಇಳಿಸುತ್ತಾ ಬರುತ್ತಾರೆ.

ಮೊದಲು ಮಾತ್ರೆಯ ಹೆಸರು, ಕಂಪನಿ, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಮೆಡಿಕಲ್ ಶಾಪ್‌ನಲ್ಲಿ "ಅದೇ ಔಷಧಿ, ಕಂಪನಿ ಬೇರೆ" ಎಂದು ಕೊಟ್ಟರೆ ವೈದ್ಯರನ್ನು ಕೇಳದೆ ಬದಲಿಸಬೇಡಿ. ಒಂದು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನದನ್ನು ತಂದಿಡಿ. ಹೆಸರಿನ ಮುಂದೆ ಸಿಆರ್ ಎಂದಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ, ಪುಡಿ ಮಾಡಬಾರದು, ಅಗಿಯಬಾರದು.

ಮೊಬೈಲ್‌ನಲ್ಲಿ ಅಲಾರಂ ಇಡಿ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಡೋಸ್ ಒಟ್ಟಿಗೆ ನುಂಗಬೇಡಿ.

ಇನ್ನು ಅಡ್ಡ ಪರಿಣಾಮ. ಮೊದಲ ಕೆಲವು ವಾರ ನಿದ್ದೆ ಮಂಪರು, ತಲೆಸುತ್ತು, ಹೊಟ್ಟೆ ತೊಳಸುವುದು ಇರಬಹುದು. ಬಹಳ ಜನರಿಗೆ ಕಡಿಮೆಯಾಗುತ್ತದೆ. ವೈದ್ಯರು ಸರಿ ಎನ್ನುವವರೆಗೆ ಗಾಡಿ ಓಡಿಸಬೇಡಿ, ಏಣಿ ಹತ್ತಬೇಡಿ. ಉಳಿದದ್ದು ಮಾತ್ರೆಯಿಂದ ಮಾತ್ರೆಗೆ ಬೇರೆ. ಫೆನಿಟಾಯಿನ್ ತೆಗೆದುಕೊಂಡರೆ ಒಸಡು ಊದಬಹುದು, ಹಾಗಾಗಿ ಎರಡು ಹೊತ್ತು ಚೆನ್ನಾಗಿ ಹಲ್ಲುಜ್ಜಬೇಕು. ನಡೆಯುವಾಗ ತೂರಾಡಿದರೆ, ಒಂದು ವಸ್ತು ಎರಡಾಗಿ ಕಂಡರೆ ಡೋಸ್ ಜಾಸ್ತಿಯಾಗಿರಬಹುದು. ಈ ಔಷಧಿಯಲ್ಲಿ ಡೋಸ್ ಸ್ವಲ್ಪ ಏರಿಸಿದರೂ ರಕ್ತದಲ್ಲಿ ಅದರ ಮಟ್ಟ ತುಂಬಾ ಏರಬಹುದು. ವ್ಯಾಲ್ಪ್ರೊಯೇಟ್‌ನಿಂದ ತೂಕ ಏರಬಹುದು, ಕೂದಲು ಉದುರಬಹುದು, ಕೈ ನಡುಗಬಹುದು. ಬಿಡದ ವಾಂತಿ, ಜೋರು ಹೊಟ್ಟೆನೋವು, ಕಣ್ಣು ಹಳದಿಯಾಗುವುದು ಕಂಡರೆ ಕಾಯಬೇಡಿ, ಅದು ಲಿವರ್ ಅಥವಾ ಮೇದೋಜೀರಕ ಗ್ರಂಥಿಯ ತೊಂದರೆ ಇರಬಹುದು.

ಲೆವೆಟಿರಾಸೆಟಾಂ ಶುರುವಾದ ಮೇಲೆ ಕೆಲವರಿಗೆ ಸಿಟ್ಟು, ಕಿರಿಕಿರಿ, ಬೇಸರ ಜಾಸ್ತಿಯಾಗುತ್ತದೆ. ಮನೆಯವರು "ಹುಡುಗ ಸುಮ್ನೆ ಹಟ ಮಾಡ್ತಾನೆ" ಎಂದು ಬೈಯುತ್ತಾರೆ. ದಯವಿಟ್ಟು ಬೈಯಬೇಡಿ, ವೈದ್ಯರಿಗೆ ಹೇಳಿ. ಬದುಕೇ ಬೇಡ ಎಂಬ ಮಾತು ಬಂದರಂತೂ ಅವತ್ತೇ ಹೇಳಿ, ಅವರನ್ನು ಒಬ್ಬರೇ ಬಿಡಬೇಡಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮೈಮೇಲಿನ ಗಂಧೆಗೆ. ಕಾರ್ಬಮಾಜೆಪಿನ್, ಲ್ಯಾಮೋಟ್ರಿಜಿನ್, ಫೆನಿಟಾಯಿನ್ ಶುರುವಾದ ಮೊದಲ ಎರಡು ತಿಂಗಳಲ್ಲಿ ಇದರ ಭಯ ಹೆಚ್ಚು. ಗಂಧೆಯ ಜೊತೆ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪು, ಚರ್ಮ ಸುಲಿಯುವುದು ಇದ್ದರೆ ನೇರ ಆಸ್ಪತ್ರೆಗೆ ಹೋಗಿ. ಮುಂದಿನ ಡೋಸ್ ತೆಗೆದುಕೊಳ್ಳುವ ಮೊದಲೇ ಹೋಗಿ. ಮುಲಾಮು ಹಚ್ಚಿ ಕೂರುವ ಹೊತ್ತಲ್ಲ ಅದು.

ಹೆಣ್ಣುಮಕ್ಕಳು ಮದುವೆಗೆ ಮುಂಚೆಯೇ ವೈದ್ಯರ ಹತ್ತಿರ ಬಿಚ್ಚಿ ಮಾತಾಡಬೇಕು. ಬಸಿರಿನಲ್ಲಿ ವ್ಯಾಲ್ಪ್ರೊಯೇಟ್ ತೆಗೆದುಕೊಂಡರೆ ಹುಟ್ಟುವ 100 ಮಕ್ಕಳಲ್ಲಿ ಸುಮಾರು 10ಕ್ಕೆ ಹುಟ್ಟಿನಿಂದಲೇ ಅಂಗದೋಷ ಇರುತ್ತದೆ. ಹಾಗಂತ ಬಸಿರು ಎಂದು ಗೊತ್ತಾದ ದಿನವೇ ಹೆದರಿ ಮಾತ್ರೆ ಬಿಡುವುದೂ ಅಪಾಯ. ಔಷಧಿ ಬದಲಿಸುವುದು, ಫೋಲಿಕ್ ಆಸಿಡ್ ಶುರು ಮಾಡುವುದು, ಎರಡೂ ಗರ್ಭ ನಿಲ್ಲುವ ಮೊದಲೇ ಆಗಬೇಕು. ಕಾರ್ಬಮಾಜೆಪಿನ್, ಫೆನಿಟಾಯಿನ್ ತೆಗೆದುಕೊಳ್ಳುವವರಿಗೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡದೆ ಇರಬಹುದು.

ಜ್ವರಕ್ಕೋ ನೋವಿಗೋ ಬೇರೆ ಡಾಕ್ಟರ್ ಹತ್ತಿರ ಹೋದಾಗ ಫಿಟ್ಸ್ ಮಾತ್ರೆಯ ಚೀಟಿ ತೋರಿಸಿ. ಟ್ರಮಡಾಲ್ ಎಂಬ ನೋವಿನ ಮಾತ್ರೆ ಫಿಟ್ಸ್ ತರಿಸಬಲ್ಲದು. ಟಿಬಿಗೆ ಕೊಡುವ ರಿಫಾಂಪಿಸಿನ್ ಫೆನಿಟಾಯಿನ್‌ನ ಬಲ ಇಳಿಸುತ್ತದೆ.

ಶಿವರಾತ್ರಿಯಂದು ಉಪವಾಸವಿದ್ದರೂ ಮಾತ್ರೆ ತಪ್ಪಿಸಬಾರದು. ಜಾಗರಣೆಯಂತೂ ಬೇಡವೇ ಬೇಡ, ನಿದ್ದೆಗೆಟ್ಟರೆ ಫಿಟ್ಸ್ ಬರಬಹುದು. ನಮ್ಮ ಕರ್ನಾಟಕದಲ್ಲಿ ತಲೆಗೆ ಬಿಸಿನೀರು ಹುಯ್ದುಕೊಂಡಾಗ ಮಾತ್ರ ಫಿಟ್ಸ್ ಬರುವವರೂ ಇದ್ದಾರೆ. ಅಂಥವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೊಬಜಾಂ ಎಂಬ ಫಿಟ್ಸ್ ಮಾತ್ರೆ ತೆಗೆದುಕೊಳ್ಳಲು ವೈದ್ಯರು ಹೇಳುವುದುಂಟು. ನೀರು ಉಗುರುಬೆಚ್ಚಗಿರಲಿ, ಬಚ್ಚಲಮನೆಯ ಚಿಲಕ ಹಾಕಬೇಡಿ.

ಮಾತ್ರೆ ತಪ್ಪದಿದ್ದರೂ ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಆ ಹೊತ್ತಿನಲ್ಲಿ ಬಾಯಿಗೆ ಮಾತ್ರೆ, ನೀರು ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಫಿಟ್ಸ್ ನಿಲ್ಲಿಸಲು ಮನೆಯಲ್ಲೇ ಇಟ್ಟುಕೊಳ್ಳಬಹುದಾದ ಮಿಡಜೋಲಾಂ ಮೂಗಿನ ಸ್ಪ್ರೇ ಬಗ್ಗೆ ಮುಂದಿನ ಸಲ ವೈದ್ಯರನ್ನು ಕೇಳಿ.