ಸುಳಿಯಲ್ಲಿ ಎಣಿಸಬೇಡಿ, ಸಾಲಿನಲ್ಲಿ ಎಣಿಸಿ

ಪೆನ್ಸಿಲ್ವೇನಿಯಾದ ಕಿಟಟಿನಿ ಬೆಟ್ಟಸಾಲಿನ ಮೇಲೆ ಸೆಪ್ಟೆಂಬರ್ ಮಧ್ಯದಲ್ಲಿ ವಲಸೆ ಗಿಡುಗಗಳನ್ನು ಎಣಿಸಲು ನಿಂತವರಿಗೆಲ್ಲ ಈ ತಲೆನೋವು ಗೊತ್ತು. ಬ್ರಾಡ್‌ವಿಂಗ್ ಗಿಡುಗಗಳ ಕೆಟಲ್, ಅಂದರೆ ಸುತ್ತುತ್ತಾ ಮೇಲೇರುವ ಗುಂಪಿನ ಸುಳಿ, ಎದುರಿಗೆ ಸುತ್ತುತ್ತಿರುತ್ತದೆ, ಒಬ್ಬರು ಇನ್ನೂರು ಅಂತಾರೆ, ಇನ್ನೊಬ್ಬರು ಮುನ್ನೂರೈವತ್ತು ಅಂತಾರೆ, ಕೊನೆಗೆ ಎರಡರ ನಡುವಿನ ಅಂದಾಜೊಂದು ಹಾಳೆಗೆ ಏರುತ್ತದೆ. ನಾನು ಸುಳಿಯನ್ನು ಎಣಿಸುವುದನ್ನೇ ಬಿಟ್ಟು, ಅದರಿಂದ ಹೊರಬೀಳುವ ಸಾಲನ್ನು ಕ್ಲಿಕ್ಕರಿನಲ್ಲೂ (ಒತ್ತಿದಾಗೆಲ್ಲ ಒಂದಂಕಿ ಏರುವ ಕೈಯೆಣಿಕೆ ಯಂತ್ರ) ಕ್ಯಾಮೆರಾದಲ್ಲೂ ಹಿಡಿಯತೊಡಗಿದೆ. ‘ಫೋಟೊದಲ್ಲಿ ಒಂದೇ ಹಕ್ಕಿ ಎರಡು ಸಲ ಬರುತ್ತೆ, ಬೇಡ’ ಅಂದವರೇ ಈಗ ಸಂಜೆ ನನ್ನ ಲೆಕ್ಕ ಕೇಳುತ್ತಾರೆ.

ಥರ್ಮಲ್‌ನ (ಮೇಲೇರುವ ಬಿಸಿಗಾಳಿಯ) ತುದಿ ಮುಟ್ಟಿದ ಹಕ್ಕಿ ಸುತ್ತುವುದು ನಿಲ್ಲಿಸಿ, ರೆಕ್ಕೆ ಕೊಂಚ ಮಡಚಿ ನೈಋತ್ಯಕ್ಕೆ ಜಾರುತ್ತದೆ. ಉಳಿದವು ದಾರಕ್ಕೆ ಪೋಣಿಸಿದ ಹಾಗೆ ಹಿಂದೆ ಬರುತ್ತವೆ. ಸಾಲು ಕೆಳಗಿದ್ದರೆ ದೂರದ ಬೆಟ್ಟದ ಒಂದು ಉಬ್ಬು, ಎತ್ತರದಲ್ಲಿದ್ದರೆ ಮೋಡದ ಅಂಚು, ಅದೇ ನನ್ನ ಎಣಿಕೆಯ ಗೆರೆ. ಬೈನಾಕ್ಯುಲರ್ ಅಲುಗಿಸದೆ ಗೆರೆ ದಾಟಿದ್ದಕ್ಕೆ ಮಾತ್ರ ಕ್ಲಿಕ್, ಒತ್ತಾಗಿದ್ದರೆ ಐದಕ್ಕೊಂದು. ಕೊನೆಯದು ದಾಟುವವರೆಗೆ ಕಣ್ಣು ಕೀಳಬಾರದು. ಬರೆದುಕೊಳ್ಳಲು ಇನ್ನೊಬ್ಬರು ಬೇಕೇ ಬೇಕು. ಅದೇ ಸಾಲು ಮುಂದಿನ ಥರ್ಮಲ್‌ನಲ್ಲಿ ಮತ್ತೆ ಸುಳಿ ಕಟ್ಟುತ್ತದೆ. ಅದನ್ನು ಹೊಸ ಗುಂಪು ಎಂದು ಸೇರಿಸಿದರೆ ಲೆಕ್ಕ ಎರಡು ಪಟ್ಟು.

ಕ್ಯಾಮೆರಾಗೆ 600 ಎಂಎಂ ಲೆನ್ಸ್ ದಂಡ, ಸಾವಿರ ಡಾಲರ್ ನೀರಿಗೆ ಹಾಕಿದ ಹಾಗೆ, ಫ್ರೇಮು ಕಿರಿದಾಗಿ ಸಾಲೇ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ 70-300 ಸಾಕು, ಇನ್ನೂರು ಡಾಲರ್ ಆಸುಪಾಸು. ನೀಲಿ ಆಕಾಶದಲ್ಲಿ ಆಟೊಫೋಕಸ್ ಹಿಂದೆ ಮುಂದೆ ಓಡುತ್ತಲೇ ಇರುತ್ತದೆ. ಹಾಗಾಗಿ ದೂರದ ಬೆಟ್ಟಕ್ಕೆ ಮ್ಯಾನ್ಯುಯಲ್ ಫೋಕಸ್ ಮಾಡಿ, ರಿಂಗಿಗೆ ಟೇಪ್ ಸುತ್ತಿಬಿಡಿ. ಶಟರ್ 1/1600, ಎಕ್ಸ್‌ಪೋಶರ್ ಒಂದು ಸ್ಟಾಪ್ ಮೇಲೆ, ಟ್ರೈಪಾಡ್. ಕಿಲೋಮೀಟರ್ ದೂರದ ಹಕ್ಕಿ ಫ್ರೇಮಿನ ಈ ತುದಿಯಿಂದ ಆ ತುದಿಗೆ ಜಾರಲು ಐದಾರು ಸೆಕೆಂಡ್ ಬೇಕು. ನಾನು ನಾಲ್ಕು ಸೆಕೆಂಡಿಗೊಂದು ಫ್ರೇಮ್ ತೆಗೆಯುತ್ತೇನೆ. ಹಿಂದಿನ ಫ್ರೇಮಿನ ಬಾಲದಲ್ಲಿದ್ದ ನಾಲ್ಕೈದು ಹಕ್ಕಿಗಳ ಜೋಡಣೆ ಮುಂದಿನದರ ತಲೆಯಲ್ಲಿ ಗುರುತು ಸಿಗುತ್ತದೆ. ಅಲ್ಲಿ ಗೆರೆ ಎಳೆದು, ಅದರ ಹಿಂದಿನವನ್ನು ಮಾತ್ರ ಎಣಿಸಿದರೆ ಒಂದೂ ಎರಡು ಸಲ ಬರುವುದಿಲ್ಲ. ಎಣಿಕೆಗೆ ಇಮೇಜ್‌ಜೆ ಸಾಫ್ಟ್‌ವೇರ್, ಬಿಟ್ಟಿ. ಹಕ್ಕಿಗೊಂದು ಚುಕ್ಕೆ ಇಡುತ್ತಾ ಹೋದರೆ ಮೊತ್ತ ತಾನೇ ಬರುತ್ತದೆ.

ನೆನಪಿನಿಂದ ಹೇಳುವುದಾದರೆ, ನೂರು ದಾಟಿದ ಸಾಲಿನಲ್ಲಿ ಕ್ಲಿಕ್ಕರ್ ಫೋಟೊಗಿಂತ ನೂರಕ್ಕೆ ಎಂಟು-ಹತ್ತು ಕಡಿಮೆ ತೋರಿಸುತ್ತದೆ. ಸುಳಿಯ ಅಂದಾಜಿನಲ್ಲಿ ಕೆಲವೊಮ್ಮೆ ಮೂರನೇ ಒಂದು ಭಾಗವೇ ನಾಪತ್ತೆ.

ಕ್ಯಾಮೆರಾ ಕೈಕೊಡುವುದು ಮಧ್ಯಾಹ್ನ. ಮೋಡವಿಲ್ಲದ ದಿನ ಹಕ್ಕಿಗಳು ಬರಿಗಣ್ಣಿಗೆ ಕಾಣದಷ್ಟು ಮೇಲೇರುತ್ತವೆ, ಜೊತೆಗೆ ಬಿಸಿಲಝಳ. ಆಗ ಬೈನಾಕ್ಯುಲರಿನಲ್ಲಿ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಜಾಲಾಡುವುದೊಂದೇ ದಾರಿ. ಯಾವ ಪಟ್ಟಿಯಿಂದ ಶುರು ಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಅಕ್ಟೋಬರಿನ ಶಾರ್ಪ್‌ಶಿನ್ ಎಂಬ ಸಣ್ಣ ಗಿಡುಗಗಳಿಗೆ ಗೂಬೆಗೊಂಬೆಯನ್ನೂ ಪರೀಕ್ಷಿಸಿದ್ದಾಯಿತು. ತೋಟದ ಅಂಗಡಿಯ ಇಪ್ಪತ್ತು ಡಾಲರಿನ ಪ್ಲಾಸ್ಟಿಕ್ ಗೂಬೆಗೆ ಗಾಳಿಗೆ ಅಲ್ಲಾಡುವಂತೆ ಕೋಳಿಪುಕ್ಕ ಅಂಟಿಸಿ, ಪೊದೆಗಿಂತ ಎತ್ತರದ ಕಂಬಕ್ಕೆ ಕಟ್ಟಿದರೆ ಹಕ್ಕಿ ತಲೆಯ ಮೇಲೇ ಎರಗುತ್ತದೆ. ಬಾಲದ ತುದಿ ಚೌಕವೋ ದುಂಡೋ ಎಂದು ಸ್ಪಷ್ಟವಾಗಿ ನೋಡಿ, ಅದನ್ನೇ ಹೋಲುವ ದುಂಡು ಬಾಲದ ಕೂಪರ್ಸ್ ಗಿಡುಗ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಬಹುದು. ಎರಗಿದ್ದು ತಿರುಗಿ ಬಂದು ಮತ್ತೆ ಎರಗುವುದುಂಟು, ದಕ್ಷಿಣಕ್ಕೆ ದಾಟಿದ ಮೇಲೆಯೇ ಕ್ಲಿಕ್ ಮಾಡಬೇಕು.

ಗಂಟೆಗೊಂದರಂತೆ ತುಂಬುವ ಹಾಳೆಯ ಅಂಕಣದಲ್ಲಿ ನಾನು ಕ್ಲಿಕ್ಕರ್ ಸಂಖ್ಯೆಯನ್ನೇ ಬರೆಯುತ್ತೇನೆ, ಫೋಟೊ ಸಂಖ್ಯೆ ಷರಾದಲ್ಲಿ. ಇದರಲ್ಲಿ ನನಗೆ ರಾಜಿಯಿಲ್ಲ. ಇದೇ ಬೆಟ್ಟಸಾಲಿನ ಹಾಕ್ ಮೌಂಟನ್‌ನಲ್ಲಿ ಅಲ್ಲಿನ ಅಭಯಾರಣ್ಯದ ಮೊದಲ ಕಾವಲುಗಾರ ಮಾರಿಸ್ ಬ್ರೌನ್ 1934ರಲ್ಲಿ ಶುರು ಮಾಡಿದ ಎಣಿಕೆ, ಯುದ್ಧಕಾಲದ 1943-45 ಬಿಟ್ಟರೆ, ಇಂದಿನವರೆಗೆ ಕಣ್ಣೆಣಿಕೆಯಾಗಿಯೇ ನಡೆದಿದೆ. ಅಂಕಣಕ್ಕೆ ಫೋಟೊ ಸಂಖ್ಯೆ ನುಗ್ಗಿಸಿದರೆ ಹಕ್ಕಿ ಹೆಚ್ಚದಿದ್ದರೂ ಗ್ರಾಫು ಏರುತ್ತದೆ. ಸಮಯವನ್ನೂ ಸ್ಟ್ಯಾಂಡರ್ಡ್ ಟೈಮಿನಲ್ಲೇ (ಬೇಸಿಗೆಗೆಂದು ಒಂದು ಗಂಟೆ ಮುಂದಿಡದ ಸಮಯ) ಬರೆಯಿರಿ, ನವೆಂಬರಿನಲ್ಲಿ ಗಡಿಯಾರ ಹಿಂದೆ ತಿರುಗಿಸಿದಾಗ ಅಂಕಣ ಜರುಗುವುದಿಲ್ಲ.